ಹಿಂದುಮುಂದಾದ ಟೈರು

ಮನುಷ್ಯರನ್ನು ಮುಖ ನೋಡಿ ಗುರುತು ಹಿಡಿಯುವುದು ಎಲ್ಲರಿಗೂ ಬರುತ್ತದೆ. ಕಡ್ಡಿ ಅವನನ್ನು ಗುರುತು ಹಿಡಿದದ್ದು ಟೈರು ನೋಡಿ.

ಕಡ್ಡಿ ಎಂದರೆ ಸೈಕಲ್ ಅಂಗಡಿಯ ಹುಡುಗಿ. ಚಕ್ರಕ್ಕೆ ಕಡ್ಡಿ ಕಟ್ಟುವುದು ಅವಳ ಕೆಲಸ. ಮೈಕಟ್ಟೂ ಹಾಗೆಯೇ ಇದ್ದುದರಿಂದ ಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು. ಅಂಗಡಿಯ ಒಡತಿ ಅವಳ ಸೋದರತ್ತೆ. ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಪಟ, ಪಟದ ಮುಂದೆ ದೀಪ, ದೀಪದ ಪಕ್ಕ ಅತ್ತೆ. ಮೂವರೂ ಅಲ್ಲಾಡುತ್ತಿರಲಿಲ್ಲ.

ಆ ಬೆಳಿಗ್ಗೆ ಅವನು ಸೈಕಲ್ ತಳ್ಳಿಕೊಂಡು ಬಂದು ಬಾಗಿಲಲ್ಲಿ ನಿಂತ. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಬೆರಳುದ್ದದ ಸ್ಕ್ರೂಡ್ರೈವರು, ಹೇಳಲೋ ಬೇಡವೋ ಎನ್ನುವಂಥ ಮುಖ.

"ಕನ್ನಡಕದ ಅಂಗಡಿಯವನು ನಾನು. ಗುಡ್ಡದ ಆಚೆ ಹೊಸ ಅಂಗಡಿ ಹಾಕಿದೀನಿ. ಅರ್ಧ ದಾರಿ ಟಾರು, ಅರ್ಧ ದಾರಿ ಮಣ್ಣು. ಎರಡಕ್ಕೂ ಆಗೋ ಹಾಗೆ ಹೊಸ ಸೈಕಲ್ ತಗೊಳ್ಳೋದಾ, ಇದನ್ನೇ ಸರಿ ಮಾಡಿಸೋದಾ?"

ಕಡ್ಡಿ ಮಂಡಿಯೂರಿ ಹಿಂದಿನ ಗಾಲಿಯನ್ನು ಮೆಲ್ಲಗೆ ತಿರುಗಿಸಿದಳು. ಅಲ್ಲೇ ಅವಳ ಕೈ ನಿಂತುಬಿಟ್ಟಿತು.

ಮೈತುಂಬ ರಬ್ಬರ್ ಹಲ್ಲುಗಳಿರುವ ಬಟನ್ ಟೈರಿನ ಪಕ್ಕದಲ್ಲಿ ಯಾವ ಕಡೆಗೆ ಉರುಳಬೇಕು ಎಂದು ಒಂದು ಬಾಣದ ಗುರುತಿರುತ್ತದೆ. ಏರಿನಲ್ಲಿ ಹಿಡಿತ ಸಿಗಲಿ ಎಂದು ಗುಡ್ಡ ಹತ್ತುವ ಕೆಲವರು ಹಿಂದಿನ ಟೈರನ್ನು ತಿರುವಿ ಹಾಕುತ್ತಾರೆ. ಇವನೂ ಹಾಕಿದ್ದ. ಹೋದ ವರ್ಷದ ಗುಡ್ಡದ ರೇಸಿನಲ್ಲಿ, ತುದಿಯ ತಿರುವಿನ ಮುಳ್ಳುಪೊದೆಯಲ್ಲಿ ಬಿದ್ದುಕೊಂಡಿದ್ದ ಕಡ್ಡಿ ಕೆಸರಿನಲ್ಲಿ ಕಂಡ ಅಚ್ಚು ಇದೇ: ಮುಂದಿನ ಗಾಲಿಯ ಹಲ್ಲಿನ ಗುರುತು ಹೋದ ದಿಕ್ಕಿಗೆ, ಹಿಂದಿನದು ಬಂದ ದಿಕ್ಕಿಗೆ.

ಆ ದಾರಿಗೆ ಇದ್ದದ್ದು ಒಂದೇ ನಿಯಮ. ಹಿಂದಿನಿಂದ ಬರುವವನು ಬೆಲ್ ಹೊಡೆದೇ ದಾಟಬೇಕು. ಹೊಡೆಯದೆ ದಾಟಿದವನ ಹ್ಯಾಂಡಲ್ ತಾಗಿ ಅವಳು ಉರುಳಿದಳು, ಹೆಗಲ ಮೂಳೆ ಮುರಿಯಿತು. ಹೆಲ್ಮೆಟ್ಟು, ಕೆಸರು, ಮುಖ ಕಾಣಲಿಲ್ಲ. ಅವನು ನಿಲ್ಲಲೂ ಇಲ್ಲ. ಮೂಳೆ ಕೂಡಿತು. ಅವಳ ಸೈಕಲ್ ಮಾತ್ರ ಗೋಡೆಯ ಕೊಕ್ಕೆಯಿಂದ ಕೆಳಗಿಳಿಯಲಿಲ್ಲ. 'ಅವನು ಒಂದು ದಿನ ನನ್ನ ಕೈಗೆ ಸಿಗಲಿ ದೇವರೇ' ಎಂದು ದಿನವೂ ದೀಪಕ್ಕೆ ಕೈಮುಗಿಯುತ್ತಿದ್ದಳು. ದೇವರು ಇಸ್ತ್ರಿ ಮಾಡಿಸಿ ಕಳಿಸಿದ್ದ.

"ಹೊಸದು ಬೇಡ," ಎಂದಳು. ದನಿ ಜೇನಿನಂತಿತ್ತು. "ಫ್ರೇಮ್ ಗಟ್ಟಿಯಾಗಿದೆ, ಮುಂದೆ ಶಾಕ್ ಅಬ್ಸಾರ್ಬರ್ ಇದೆ. ಒಂದೊಂದೇ ಪಾರ್ಟ್ ಬದಲಾಯಿಸೋಣ."

ಹೊಸ ಸೈಕಲ್ ಕೊಟ್ಟರೆ ಒಂದೇ ದಿನದಲ್ಲಿ ಹೋಗಿಬಿಡುತ್ತಾನೆ. ಒಂದೊಂದೇ ಪಾರ್ಟ್ ಆದರೆ ಮತ್ತೆ ಮತ್ತೆ ಸಿಗುತ್ತಾನೆ.

ಮೊದಲು ಸೀಟು. ಕಪಾಟಿನ ತಳದಲ್ಲಿ ಯಾರೂ ಕೊಳ್ಳದೆ ಬಿದ್ದಿದ್ದ, ಹಲಗೆಯಂಥ ಸೀಟನ್ನು ಒರೆಸಿ ಹಾಕಿಕೊಟ್ಟಳು. ವಾರ ಬಿಟ್ಟು ಅವನು ಕಾಲಗಲಿಸಿ ನಡೆದುಕೊಂಡು ಬಂದ.

"ಹೇಗಿದೆ ಸೀಟು?"

"ತುಂಬಾ... ನೆನಪಿರುತ್ತೆ," ಎಂದ. ಏನೋ ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ, "ಪೆಡಲ್ ಇದೆಯಾ?" ಎಂದು ಮುಗಿಸಿದ.

ಮುಳ್ಳುಮುಳ್ಳಾದ ಪೆಡಲ್ ಕೊಟ್ಟಳು. ಸ್ವಲ್ಪ ಕಾಲು ಜಾರಿದರೂ ಮೊಣಕಾಲ ಕೆಳಗೆ ಕಚ್ಚಿಬಿಡುವಂಥದ್ದು. ಮುಂದಿನ ವಾರ ಪ್ಯಾಂಟಿನ ಕೆಳಗೆ ಬ್ಯಾಂಡೇಜು ಇಣುಕಿತು. ಮತ್ತೆ ಪೆಡಲ್ಲನ್ನೇ ಕೇಳಿದ; ಈ ಸಲ ಅವಳು ಹಾಕಿದ್ದು ಮುಂದಿನ ಗಾಲಿಗೆ ಅಂಗಡಿಯಲ್ಲಿದ್ದ ಅತಿ ದಪ್ಪ ಬಟನ್ ಟೈರು. ಮಣ್ಣಿನಲ್ಲಿ ಚೆನ್ನ, ಟಾರಿನ ಮೇಲೆ ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್ಗುಡುತ್ತದೆ.

"ಬೀದಿಯವರೆಲ್ಲ ತಿರುಗಿ ನೋಡ್ತಾರೆ ಕಣ್ರೀ," ಎಂದ ಅವನು, ನಗುತ್ತ.

"ನೋಡಲಿ ಬಿಡಿ. ತಿರುಗಿ ನೋಡೋದು ಒಳ್ಳೇದು. ಎಲ್ಲರಿಗೂ ಆ ಅಭ್ಯಾಸ ಇರಲ್ಲ."

ಅವನ ನಗು ಅರ್ಧಕ್ಕೇ ನಿಂತಿತು. ಬಾಗಿದ ಅವಳ ಕತ್ತಿನ ಮೇಲೆ ಸಡಿಲವಾಗಿ ಜಾರಿದ್ದ ಕೂದಲನ್ನು, ಗ್ರೀಸು ಮೆತ್ತಿದ ಬೆರಳನ್ನು, ಬಲ ಹೆಗಲನ್ನು ಎತ್ತುವಾಗ ಅವಳು ಒಂದು ಕ್ಷಣ ತಡೆಯುವುದನ್ನು ಅವನು ನೋಡುತ್ತ ನಿಂತ. ನೋಡುತ್ತಿದ್ದಾನೆಂದು ಕಡ್ಡಿಗೆ ಬೆನ್ನಿಗೇ ಗೊತ್ತಾಯಿತು. ಕೈಯಲ್ಲಿದ್ದ ಸ್ಪಾನರ್ ಜಾರಿತು. ಸಿಟ್ಟಿಗೇ ಜಾರಿತು ಎಂದುಕೊಂಡಳು.

ಅವನು ಹೋದ ಮೇಲೆ ಅತ್ತೆ ಕೇಳಿದಳು, "ಏನೇ ಕಡ್ಡಿ, ಒಬ್ಬ ಮನುಷ್ಯನಿಗೆ ಎಷ್ಟು ಜೊತೆ ಪೆಡಲ್ ಬೇಕೇ? ಹೋದ ವಾರವೂ ಕೇಳ್ದ, ಈ ವಾರವೂ ಕೇಳ್ದ. ಅವನೇನು ಜರಿಹುಳಾನಾ?"

"ಅವನೇ ಅತ್ತೆ, ನನ್ನ ಬೀಳಿಸಿದೋನು."

ಅತ್ತೆ ದೀಪದ ಬತ್ತಿ ಸರಿಮಾಡಿದಳು. "ಅದಕ್ಕೇನಾ, ಅವನು ಬರೋ ದಿನ ಮಾತ್ರ ತಲೆ ಬಾಚ್ಕೊಳ್ಳೋದು?"

"ಸೇಡು ಅಂದ್ರೆ ಶಿಸ್ತಾಗಿ ತೀರಿಸ್ಕೋಬೇಕು."

ಕೊನೆಯ ಸೇಡಿಗೆ ಅವನೇ ದಾರಿ ಮಾಡಿಕೊಟ್ಟ. ಟಾರಿನ ಮೇಲೆ ಸದ್ದು ಸಾಕಾಗಿದೆ, ಎರಡೂ ದಾರಿಗೆ ಆಗುವ ಟೈರು ಕೊಡಿ ಎಂದ. ನಡುವೆ ನಯ, ಅಂಚಿನಲ್ಲಿ ಸಣ್ಣ ಹಲ್ಲು ಇರುವ ಟೈರು ಕಡ್ಡಿಯ ಕೈಯಳತೆಯಲ್ಲೇ ತೂಗುತ್ತಿತ್ತು. ಅವನಿಗೆ ಹೇಳಿ ಮಾಡಿಸಿದ್ದು. ಅವಳು ಅದನ್ನು ದಾಟಿ ಹೋಗಿ, ಗಾಜಿನಷ್ಟು ನುಣುಪಾದ ರಸ್ತೆಯ ಟೈರುಗಳನ್ನು ತಂದಳು. ಎರಡೂ ಗಾಲಿಗೆ ಹಾಕಿ, ಕಲ್ಲಾಗುವಷ್ಟು ಗಾಳಿ ಹೊಡೆದಳು. ತುದಿಯ ಆ ತಿರುವಿನಲ್ಲಿ ಸಡಿಲ ಜಲ್ಲಿ ಇದೆ. ಈ ಟೈರು ಅಲ್ಲಿ ನಿಲ್ಲುವುದಿಲ್ಲ. ಮುಳ್ಳುಪೊದೆ ಹೋದ ವರ್ಷಕ್ಕಿಂತ ಬೆಳೆದಿದೆಯಂತೆ.

ಅವನು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅವಳನ್ನು ನೋಡಿದ. ಸೈಕಲ್ ಹತ್ತಿದ. ಹೋಗಲಿಲ್ಲ, ಒಂದು ಕಾಲು ನೆಲಕ್ಕೂರಿ ನಿಂತ.

"ಇನ್ನೇನು?" ಎಂದಳು ಕಡ್ಡಿ.

"ನೀವು ಹೇಳಲಿಲ್ಲ."

"ಏನನ್ನ?"

"ಹೋಗಿ ಬನ್ನಿ ಅಂತ. ಎಲ್ಲರಿಗೂ ಹೇಳ್ತೀರ."

ನಿಜ. ಅತ್ತೆ ಹಾಕಿಕೊಟ್ಟ ಪದ್ಧತಿ ಅದು. ಈ ಅಂಗಡಿಯಿಂದ ಹೊರಡುವ ಪ್ರತಿ ಗಾಲಿಗೂ ಆ ಮಾತು ಹೇಳಿಯೇ ಬಾಗಿಲು ದಾಟಿಸುವುದು. ಕಡ್ಡಿ ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ತಲೆದೂಗಿ, ಹೊರಟುಹೋದ. ಅವನ ಬಿಳಿ ಶರ್ಟು ಬೀದಿಯ ಕೊನೆಯಲ್ಲಿ ಗುಡ್ಡದ ಕಡೆಗೆ ತಿರುಗಿತು.

ದೇವರ ಮುಂದೆ ದೀಪ ನೆಟ್ಟಗೆ ಉರಿಯುತ್ತಿತ್ತು. ಅವಳು ಬೇಡಿದ್ದು ನೆರವೇರಲು ಇನ್ನು ಒಂದು ಏರು ಮಾತ್ರ ಬಾಕಿ. ಎದೆ ತಣ್ಣಗಾಗಬೇಕಿತ್ತು. ಎದೆ ಕುದಿಯತೊಡಗಿತು.

"ಅತ್ತೆ, ಅಂಗಡಿ ನೋಡ್ಕೋ!"

ಕೊಕ್ಕೆಯಿಂದ ತನ್ನ ಸೈಕಲ್ಲನ್ನು ಎಳೆದುಕೊಂಡಳು. ಅತ್ತೆ ಕದಲಲಿಲ್ಲ. "ಗಾಳಿ ಸರಿ ಇದೆ ಕಣೇ. ವಾರ ವಾರ ನಾನೇ ಹೊಡೆದಿಟ್ಟಿದೀನಿ. ಹೋಗಿ ಬಾ."

ಏರಿನಲ್ಲಿ ಅವನ ನುಣುಪು ಟೈರು ಜಾರಿ ಜಾರಿ ಸುತ್ತುತ್ತಿತ್ತು, ಅದಕ್ಕೇ ಸಿಕ್ಕಿದ. ಅಷ್ಟರಲ್ಲಿ ತಿರುವು ಬಂದೇಬಿಟ್ಟಿತ್ತು. ಅದೇ ಜಲ್ಲಿ, ಅದೇ ಪೊದೆ. ಕಡ್ಡಿಯ ಹೆಗಲು ತಾನಾಗಿ ಬಿಗಿಯಿತು. ಬೆಲ್ ಹೊಡೆಯಲು ಹೆಬ್ಬೆರಳು ಚಾಚಿದಳು. ಬೆಲ್ ಇರಲಿಲ್ಲ. ಅವತ್ತು ಇಲ್ಲೇ ಕಿತ್ತುಹೋಗಿತ್ತು.

"ನಿಲ್ರೀ!" ಎಂದು ಕಿರುಚಿದಳು.

ಅವನು ನಿಂತ. ಸೈಕಲ್ ನಿಲ್ಲಲಿಲ್ಲ. ಬ್ರೇಕು ಹಿಡಿದ ಗಾಲಿ ಬೆಣ್ಣೆಯ ಮೇಲಿನಂತೆ ಜಾರಿ, ಕನ್ನಡಕದವನು ತುಂಬಾ ಮರ್ಯಾದೆಯಿಂದ, ಮೆಲ್ಲಗೆ, ಮುಳ್ಳುಪೊದೆಯಲ್ಲಿ ಕುಳಿತುಕೊಂಡ.

"ಪೆಟ್ಟಾಯ್ತಾ?"

"ಸೀಟಿಗಿಂತ ಮೆತ್ತಗಿದೆ," ಎಂದ ಒಳಗಿನಿಂದ.

ಕಡ್ಡಿಗೆ ನಗು ಬಂತು. ನಗುವಿನ ಬೆನ್ನಿಗೇ ವರ್ಷದ ಸಿಟ್ಟೆಲ್ಲ ಕಣ್ಣಿಗೆ ಬಂತು. ಅವನು ಕೂತಲ್ಲಿಂದಲೇ ಜೇಬಿಗೆ ಕೈಹಾಕಿ ಒಂದು ಹಿತ್ತಾಳೆಯ ಬೆಲ್ ಚಾಚಿದ. ಒಂದು ಕಡೆ ನಗ್ಗಿತ್ತು. ಮೇಲೆ ಅತ್ತೆಯ ಅಂಗಡಿಯ ಸ್ಟಿಕರ್ ಅರ್ಧ ಉಳಿದಿತ್ತು.

"ಮೊದಲ ದಿನವೇ ಕೊಡೋಕೆ ಬಂದೆ. ತಪ್ಪಾಯ್ತು ಅನ್ನೋಕೆ ಬಂದು ಸೀಟು ತಗೊಂಡು ಹೋದೆ. ಮತ್ತೆ ಬಂದೆ, ಪೆಡಲ್ ತಗೊಂಡು ಹೋದೆ. ನಿಮ್ಮ ಮುಖ ನೋಡಿದ್ರೆ ಮಾತೇ ಹೊರಡ್ತಿರಲಿಲ್ಲ."

"ಅವತ್ತು ಯಾಕೆ ನಿಲ್ಲಲಿಲ್ಲ?"

"ಕೊಂಬೆ ತಾಗ್ತು ಅಂದ್ಕೊಂಡೆ." ಅವನು ತಲೆ ತಗ್ಗಿಸಿದ. "ಇಲ್ಲ. ಕೊಂಬೆ ಆಗಿರಲಿ ಅಂದ್ಕೊಂಡೆ. ಭಾರ ಕಮ್ಮಿ ಆಗ್ಲಿ ಅಂತ ಬೆಲ್ ಬಿಚ್ಚಿಟ್ಟು ಬಂದಿದ್ದೆ. ಮುಂದಿನವನನ್ನ ಹಿಡೀಬೇಕಿತ್ತು. ಮನಸ್ಸು ತಡೀದೆ ಆಮೇಲೆ ವಾಪಸ್ ಬಂದೆ. ಇದೊಂದೇ ಸಿಕ್ತು."

"ಹಿಡಿದ್ರಾ, ಮುಂದಿನವನನ್ನ?"

"ಇಲ್ಲ."

"ನನ್ನ ಮೂಳೆ ಮುರಿದು, ಒಬ್ಬನನ್ನೂ ಹಿಡೀಲಿಲ್ವಾ! ಊರಿಗೆಲ್ಲ ಕಣ್ಣು ಕೊಡೋರಿಗೆ ಎದುರಿಗಿದ್ದ ನಾನು ಕಾಣಲಿಲ್ಲ ಅಲ್ವಾ?"

"ಈಗ ಬೇರೇನೂ ಕಾಣ್ತಿಲ್ಲ," ಎಂದ ಅವನು.

ಕಡ್ಡಿ ಮುಖ ತಿರುಗಿಸಿ ಅವನ ಗಾಲಿಯ ಕಡೆ ಬಾಗಿದಳು.

"ಈ ಟೈರು ಇಲ್ಲಿ ಬೀಳಿಸುತ್ತೆ ಅಂತ ಗೊತ್ತಾಗಲಿಲ್ವಾ?"

"ಒತ್ತಿ ನೋಡಿದಾಗಲೇ ಗೊತ್ತಾಯ್ತು. ನಾನೂ ಇಲ್ಲಿ ಒಂದ್ಸಲ ಬಿದ್ರೆ ನಿಮಗೆ ಸಮಾಧಾನ ಆಗಬಹುದು ಅನ್ನಿಸ್ತು. ನೀವು ಹೋಗಿ ಬನ್ನಿ ಅನ್ನಲಿಲ್ವಲ್ಲ, ಆಗ ಮಾತ್ರ ಹೆದರಿಕೆ ಆಯ್ತು. ಬೀಳೋದಕ್ಕಲ್ಲ. ನಿಮಗೆ ನಾನು ವಾಪಸ್ ಬರೋದೇ ಬೇಡ್ವೇನೋ ಅಂತ."

ಅವಳು ಗಾಲಿಯ ಪಕ್ಕ ಮಂಡಿಯೂರಿದಳು. ಎರಡೂ ಗಾಲಿಯ ಗಾಳಿಯನ್ನು, ಟೈರು ಮಣ್ಣನ್ನು ಹಿಡಿಯುವಷ್ಟು ಮೆತ್ತಗಾಗುವವರೆಗೆ, ಬೆರಳಿನಿಂದ ಮೆಲ್ಲಗೆ ಬಿಟ್ಟಳು. ತನ್ನೊಳಗಿನದೂ ಅದರ ಜೊತೆ ಸುಸ್ಸೆಂದು ಹೊರಟುಹೋದಂತಾಯಿತು. ಆಮೇಲೆ ಅವನ ಜೇಬಿನ ಸ್ಕ್ರೂಡ್ರೈವರನ್ನು ಕೇಳದೆಯೇ ಎಳೆದುಕೊಂಡು, ನಗ್ಗಿದ ಬೆಲ್ಲನ್ನು ಅವನ ಹ್ಯಾಂಡಲ್ಲಿಗೆ ಬಿಗಿದಳು.

"ಇದು ನಿಮ್ಮದಲ್ವಾ?"

"ನನ್ನದೇ. ಅದಕ್ಕೇ ಜೋಪಾನ. ಇಳಿಜಾರಲ್ಲಿ ನಡೆದು ಹೋಗಿ, ಮಣ್ಣು ಮುಗಿದ ಮೇಲೆ ಹತ್ತಿ." ನಾಲಿಗೆ ಈ ಸಲ ಎದ್ದಿತು. "ಹೋಗಿ ಬನ್ನಿ."

ಅವನು ಅವಳನ್ನು ಕಣ್ತುಂಬ ನೋಡಿದ, ಶರ್ಟಿನ ತುಂಬ ಮುಳ್ಳು ಹೊತ್ತುಕೊಂಡು. "ಸಂಜೆನೇ ಬರ್ತೀನಿ."

ಅವನು ಕಾಣದಾದ ಮೇಲೂ ಪ್ರತಿ ತಿರುವಿನಿಂದ ಬೆಲ್ ಕೇಳಿಸುತ್ತಿತ್ತು. ದಾಟಲು ಮುಂದೆ ಯಾರೂ ಇಲ್ಲದ ದಾರಿಯಲ್ಲಿ, ಒಡಕು ದನಿಯಲ್ಲಿ, ಟ್ರಿಣ್, ಟ್ರಿಣ್. ಅದು ಅಡಗುವವರೆಗೆ ಕಡ್ಡಿ ಅಲ್ಲೇ ನಿಂತಿದ್ದಳು.

ಅಂಗಡಿಗೆ ಬಂದಾಗ ಅತ್ತೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ತೀರ್ತಾ ಸೇಡು?"

"ಎಲ್ಲಿ ತೀರುತ್ತೆ ಅತ್ತೆ! ಸಂಜೆ ಬರ್ತಾರೆ, ಮುಂದುವರಿಸ್ತೀನಿ." ಕಡ್ಡಿ ಕೈಯಳತೆಯಲ್ಲಿ ತೂಗುತ್ತಿದ್ದ ಆ ಸರಿಯಾದ ಟೈರುಗಳನ್ನು ಇಳಿಸಿ, ಬಾಣದ ಗುರುತು ಹುಡುಕಿ, ಒರೆಸತೊಡಗಿದಳು. "ಸೀಟು ಮಾತ್ರ ಅದೇ ಇರಲಿ."

"ಬೆಳಿಗ್ಗೆವರೆಗೆ 'ಬರ್ತಾನೆ' ಆಗಿತ್ತು," ಎಂದಳು ಅತ್ತೆ, ದೇವರ ಪಟಕ್ಕೆ.