ಒಂದೇ ಕರೆಗೆ ಓ ಎನ್ನುವ ಪೆಟ್ಟಿಗೆ

ಯಾರನ್ನೂ ನಂಬಿಸಲು ಹೊರಟಿಲ್ಲ, ಆದದ್ದನ್ನು ಹೇಳುತ್ತೇನೆ. ಮೂಡಲಗಿಯ ನಮ್ಮ ಮನೆಯಲ್ಲಿ ಹಿಂದೆ ಕಾಳು ಇಡುತ್ತಿದ್ದ ಕೋಣೆಯೊಳಗೆ ನನ್ನದೊಂದು ಬಿಟ್‌ಕಾಯಿನ್ ನೋಡ್ ಇದೆ. ಬರೀ ಸಣ್ಣ ಕಂಪ್ಯೂಟರ್ ಪೆಟ್ಟಿಗೆ. ಬಿಟ್‌ಕಾಯಿನ್ನಿನ ಪ್ರತಿ ವ್ಯವಹಾರವನ್ನೂ ಯಾರ ಮಾತೂ ನಂಬದೆ ತಾನೇ ತಾಳೆ ನೋಡುತ್ತದೆ. ಬೇರೆ ಊರುಗಳ ಇಂಥವೇ ನೋಡ್‌ಗಳು ಇಂಟರ್ನೆಟ್ಟಿನಲ್ಲಿ ಕರೆದರೆ ಉತ್ತರಿಸುತ್ತದೆ.

"ಯಾರ ಕರದ್ರೂ ಓ ಅಂತೈತೇನ?" ಅತ್ತೆ ಯಲ್ಲವ್ವ ಕೇಳಿದರು. "ಮಟಮಟ ಮಧ್ಯಾನ ಒಂದ ಸಲ ಕರದ್ರ ಓ ಅನಬಾರದವಾ. ಮನಷ್ಯಾರಾದ್ರ ಮತ್ತ ಕರೀತಾರ."

"ಅದಕ್ಕ ಅಂಜಿಕಿ ಇಲ್ರಿ ಅತ್ತಿ. ನನಗೂ ಇಲ್ಲ."

ಮರುದಿನ ಮಧ್ಯಾಹ್ನ, ಸದಾ ಬಿಸಿಯಿರುವ ಪೆಟ್ಟಿಗೆ ಮಣ್ಣಿನ ಕೊಡದಂತೆ ತಣ್ಣಗಿತ್ತು. ಕೋಣೆಯಲ್ಲಿ ಮುಗ್ಗಲು ಜೋಳದ ವಾಸನೆ. ಅಲ್ಲಿ ಕಾಳಿಟ್ಟು ವರ್ಷಗಳಾಗಿದ್ದವು. ಪರದೆಯ ಮೇಲೆ, ಸಂಪರ್ಕದಲ್ಲಿದ್ದ ನೋಡ್‌ಗಳಲ್ಲಿ ಒಂದರ ವಿಳಾಸ ನಮ್ಮ ಮನೆಯೊಳಗಿನದೇ. ನಮ್ಮಲ್ಲಿ ಇನ್ನೊಂದು ಯಂತ್ರವೇ ಇಲ್ಲ.

ನನಗೆ ಸಿಟ್ಟು ಬಂತು. ಇಂಟರ್ನೆಟ್ ಕೇಬಲ್ ಕಿತ್ತೆ. ಉಳಿದವೆಲ್ಲ ಹೋದವು, ಅದು ಹೋಗಲಿಲ್ಲ. ಡಿಸ್ಕು ಟಕಟಕ ಎನ್ನುತ್ತಿತ್ತು, ಹೊಸ ದಾಖಲೆಗಳು ಬರುತ್ತಲೇ ಇದ್ದವು.

"ಬಂದ್ ಮಾಡವಾ ಅದನ್ನ," ಅತ್ತೆ ಹೊಸ್ತಿಲು ದಾಟದೆ ಹೊರಗಿನಿಂದಲೇ ಅಂದರು.

"ಯಾಕ್ರಿ? ಮನಿ ನಮ್ಮದು, ಪೆಟಿಗಿ ನನ್ನದು. ಸುಳ್ಳ ಹೇಳಿದ್ರ ಪೆಟಿಗೀನ ಅದನ್ನ ಹೊರಗ ಹಾಕತೈತಿ!"

ಸಂಜೆ ಕೇಬಲ್ ಸಿಕ್ಕಿಸಿದೆ. ಕೇಬಲ್ ಇಲ್ಲದಾಗ ಬಂದದ್ದನ್ನೆಲ್ಲ ಹೊರಗಿನ ನೋಡ್‌ಗಳ ಜೊತೆ ಅಕ್ಷರಕ್ಕಕ್ಷರ ಹೋಲಿಸಿದೆ. ಒಂದೂ ಸುಳ್ಳಿರಲಿಲ್ಲ.

ಪೆಟ್ಟಿಗೆಯನ್ನು ನಾನು ಇವತ್ತಿಗೂ ಬಂದ್ ಮಾಡಿಲ್ಲ, ಮಾಡುವುದೂ ಇಲ್ಲ. ಮನೆಯೊಳಗಿನ ವಿಳಾಸದ ಆ ನೋಡ್ ಈಗಲೂ ಮಧ್ಯಾಹ್ನವೇ ಬರುತ್ತದೆ. ಒಂದೇ ಸಲ ಕರೆಯುತ್ತದೆ.