ಮಗ್ಗದಿಂದ ಕೊಯ್ದ ಸೀರೆ

ಗಜೇಂದ್ರಗಡದ ನಮ್ಮ ನೇಕಾರರ ಓಣಿಯನ್ನು ಕೆಡವಿ ಹೊಸದಾಗಿ ಕಟ್ಟಲು ಪುರಸಭೆಯವರು ಬಂದಾಗ, ತೀರಿಹೋದ ಅತ್ತೆ ವೀರವ್ವನ ಮಗ್ಗದ ಮೇಲೆ ಅರ್ಧ ಸೀರೆ ಉಳಿದಿತ್ತು. ಹಿಡಿದ ಸೀರೆ ಮುಗಿಸದೆ ಮಗ್ಗ ಕೀಳುವ ರೂಢಿ ನಮ್ಮ ಮನೆಯಲ್ಲಿಲ್ಲ.

"ಎರಡ ದಿನ ತಡೀರಿ ಸಾಹೇಬ್ರ, ನಾನ ನೇಯ್ದು ಮುಗಸ್ತೀನಿ," ಎಂದೆ.

"ಸತ್ತಾಕಿ ಸೀರಿ ಯಾರಿಗೆ ಬೇಕವಾ?" ಎಂದ ಇಂಜಿನಿಯರ್, ಮುಂದೆ ನಿಂತು ಮಗ್ಗಕ್ಕೆ ಉದ್ದಕ್ಕೆ ಬಿಗಿದಿದ್ದ ಹಾಸಿನ ನೂಲು ಕೊಯ್ಯಿಸಿದ. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಅತ್ತೆ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿಯ ಮೇಲೆ ಈಗ ಕಾಂಕ್ರೀಟ್ ರಸ್ತೆ. ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ನಿಂತರೆ ಕುಣಿಯಿದ್ದಷ್ಟು ಜಾಗ ಮಾತ್ರ ತಣ್ಣಗಿರುತ್ತದೆ. ಅಡಿಯಿಂದ ಲಾಳಿ ಓಡುವ ಸದ್ದು ಬರುತ್ತದೆ.

ಕೊಯ್ದ ಸೀರೆಯನ್ನು ಅಂದೇ ಅಳೆದಿದ್ದೆ, ಆರು ಮೊಳವಿತ್ತು. ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ. ನಿನ್ನೆ ಆ ಇಂಜಿನಿಯರನನ್ನು ಕರೆದು ಕೂರಿಸಿ, ಅವನೆದುರೇ ಬೀಗ ತೆಗೆದು ಅಳೆದೆ. ಒಂಬತ್ತು ಮೊಳ. ತುದಿಯ ನೂಲಿನ ಗಂಜಿ ಇನ್ನೂ ಹಸಿಯಾಗಿತ್ತು.