ಬೇಸಿನ್ನಿಗೆ ಒಡೆದ ತೆಂಗಿನಕಾಯಿ

"ಯಾರದು? ಹೊರಗ ಬರ್ತಿಯೋ, ಕಸಬರಗಿ ರುಚಿ ನೋಡ್ತಿಯೋ?"

ವಿಮಲಾಬಾಯಿ ಕಸಬರಗಿ ಎತ್ತಿ ನಿಂತಿದ್ದಳು. ಬಚ್ಚಲುಮನೆಯ ಹೊಸ್ತಿಲಾಚೆ ಎರಡು ಗಂಡುಕಾಲುಗಳು ಚಾಚಿಕೊಂಡಿದ್ದವು. ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ!

ಹೊಸ ಚೀನಿ ಪಿಂಗಾಣಿಯ ಬೇಸಿನ್ನಿನ ಕೆಳಗಿನಿಂದ ಒಂದು ಮುಖ ಹೊರಬಂತು. ಮೂಗಿಗೆ, ಹುಬ್ಬಿಗೆ ಸಂದಿ ಮುಚ್ಚುವ ಬಿಳಿ ಲೇಪ, ಸಫೇದಾ, ಮೆತ್ತಿತ್ತು.

"ಹೊಡೀಬ್ಯಾಡ್ರಿ ಬಾಯಾರ! ನಾ ಸೂರ್ಯಕಾಂತ. ಗುರುಲಿಂಗಪ್ಪ ಕಾಕಾ ಕಳಿಸ್ಯಾರ."

"ಬರೂದು ಹೇಳಿ ಬರಬೇಕಲ್ರಿ!"

"ಹೇಳಾಕ ಬಂದಿದ್ದೆ. ನೀವು ಹುಡುಗ್ಯಾರಿಗೆ ಬೈಯಾಕತ್ತಿದ್ರಿ. ನಡುವ ಮಾತಾಡಾಕ ಧೈರ್ಯ ಆಗಲಿಲ್ಲ..."

ನಗು ಬಂತು. ಆದರೆ ಅವಳು ನಗಲಿಲ್ಲ.

ನಿಜಾಮನ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ವರ್ಷವಾಗಿತ್ತು. ಆ ಗದ್ದಲದ ದಿನಗಳಲ್ಲಿ ಶಾಲೆ ಬಿಟ್ಟ ಕಮಲಾಪುರದ ಹುಡುಗಿಯರು ಈಗ ಕಲಬುರಗಿಗೆ ಬಂದು ಓದುತ್ತಿದ್ದರು. ಸ್ಟೇಶನ್ ಬಜಾರದ ತಮ್ಮ ಜೋಳದ ಗೋದಾಮಿನ ಮಾಳಿಗೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದವರು ಕಮಲಾಪುರದ ಸಾವುಕಾರ ಗುರುಲಿಂಗಪ್ಪ. ಶಾಲೆಯಲ್ಲಿ ಪಾಠ ಹೇಳುತ್ತ ಹುಡುಗಿಯರನ್ನು ನೋಡಿಕೊಳ್ಳುವವಳು ಇನ್ನೂ ಮದುವೆಯಾಗದ ವಿಮಲಾಬಾಯಿ. ಸೂರ್ಯಕಾಂತ ಸಾವುಕಾರರ ಅಣ್ಣನ ಮಗ. ತಂದೆ ಇಲ್ಲದ ಹುಡುಗ, ಕಾಕಾನ ಮನೆಯಲ್ಲೇ ಬೆಳೆದವನು. ಹೈದರಾಬಾದಿನಲ್ಲಿ ನಳದ ಕೆಲಸ ಕಲಿತು ಬಂದು ಸ್ಟೇಶನ್ ಬಜಾರದಲ್ಲೇ ಅಂಗಡಿ ಇಟ್ಟು, ಕಮಲಾಪುರದಿಂದ ದಿನಾ ಬಂದುಹೋಗುತ್ತಿದ್ದ.

ಅವನು ಬೇಸಿನ್ನಿನ ತೂತಿಗೆ ನೀರಿಳಿಯುವ ಹಿತ್ತಾಳೆಯ ಬಾಯಿ ಕೂರಿಸಿದ. ಅದರ ಅಂಚಿನಡಿ ಅಗಸೆ ಎಣ್ಣೆಯಲ್ಲಿ ನಾದಿದ ಸಫೇದಾ ತುಂಬಿದ, ಕೆಳಗಿನ ತಿರುಪಿಗೆ ಪುಂಡಿನಾರು ಸುತ್ತಿ ಬಿಗಿದ. ಹೋಗುವ ಮುಂಚೆ ನೆಲ ಒರೆಸಿದ. ಗಿಡ್ಡ ಹುಡುಗಿ ಸಾಬಮ್ಮನಿಗೆ ಬೇಸಿನ್ ಎಟುಕದೆಂದು ಕಂಡು, ಯಾರೂ ಕೇಳದಿದ್ದರೂ ಒಂದು ಹಲಗೆಯ ಮೆಟ್ಟಿಲು ಬಡಿದಿಟ್ಟ.

ವಿಮಲಾಬಾಯಿ ಅದನ್ನು ನೋಡಿದಳು. ಮನಸ್ಸು ಯಾಕೋ ಮೆತ್ತಗಾಯಿತು...

"ಸಫೇದಾ ಇನ್ನೂ ಹಸಿ ಅದರಿ. ನಾಳೆ ಸಂಜೀತನಕ ಒಂದು ಹನಿ ನೀರೂ ಬೀಳಬಾರದು," ಎಂದು ಹೇಳಿ ಹೋದ.

ಮರುದಿನ ಅವಳು ಶಾಲೆಗೆ ಹೋದಳು. ಅದರ ಮರುದಿನ ಬೆಳಗ್ಗೆ ಗೋದಾಮಿನ ಹಮಾಲ ಮೈಬೂಬ ಮೆಟ್ಟಿಲೇರಿ ಓಡಿಬಂದ.

"ಅಕ್ಕೋರ, ಮ್ಯಾಲಿಂದ ಸೋರಾಕತ್ತದ! ಜೋಳದ ಚೀಲ ಎಲ್ಲಾ ತೊಯ್ದಾವ!"

ವಿಮಲಾಬಾಯಿ ನೆಟ್ಟಗೆ ಸೂರ್ಯಕಾಂತನ ಅಂಗಡಿಗೇ ಹೋದಳು.

"ಎಂಥಾ ಕೆಲಸ ಮಾಡೀರಿ?"

ಅವನ ಮುಖ ಬಿಳಿಚಿತು. "ನನ್ನ ಕೆಲಸ ಸರಿ ಇತ್ರಿ, ಬಾಯಾರ."

"ಮತ್ತ ಯಾರು ಕೆಡಿಸಿದ್ರು?"

ಅವನು ತಲೆ ತಗ್ಗಿಸಿದ. ಕೈಯಲ್ಲಿದ್ದ ನಳಕ್ಕೆ ನಾರು ಸುತ್ತತೊಡಗಿದ.

ಸಂಜೆಗೆ ಸಾವುಕಾರರ ಗುಮಾಸ್ತ ಭೀಮಶಾ ಬಂದ. "ಹುಡುಗ್ಯಾರು ಬೇಸಿನ್ ಮ್ಯಾಲ ಹತ್ತಿ ಕುಣದಾರಂತ. ಈ ವಾರದಾಗ ಮಾಳಗಿ ಖಾಲಿ ಮಾಡ್ಬೇಕಂತ ಸಾವ್ಕಾರ್ರು ಹೇಳ್ಯಾರ."

ಹುಡುಗಿಯರು ಗೋಡೆಗಾತು ಅಳತೊಡಗಿದರು. ಸಾಬಮ್ಮನಂತೂ, "ನಾ ಮೆಟ್ಟಲಾ ಸೈತ ಹತ್ತಿಲ್ರೀ ಅಕ್ಕೋರ..." ಎಂದು ಬಿಕ್ಕಿದಳು.

ಸೂರ್ಯಕಾಂತ ತನ್ನ ಕೆಲಸದ ಹೆಸರು ಉಳಿಸಿಕೊಳ್ಳಲು ತಪ್ಪನ್ನು ಮಕ್ಕಳ ಮೇಲೆ ಹಾಕಿದನೇ? ಮೆಟ್ಟಿಲು ಬಡಿದುಕೊಟ್ಟ ಅದೇ ಕೈಯವನು? ವಿಮಲಾಬಾಯಿಯ ಎದೆ ಉರಿಯಿತು.

ಆಗ ಅಡಿಗೆಯ ಬಂಡೆಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಹತ್ತಿರ ಬಂದಳು.

"ಅಕ್ಕೋರ, ನೀವು ಸಾಲ್ಯಾಗಿದ್ದಾಗ ಸಾವ್ಕಾರ್ರು ಬಂದಿದ್ರು. ಹೊಸಾ ನೀರಿನ ಜಾಗಾ ಅಂತ ಗಂಗಮ್ಮನ ಪೂಜಿ ಮಾಡಿದ್ರು. ಕೊಡಾ ನೀರು ಸುರದು ಕಾಯಿ ಒಡದ್ರು. ಚೀನಿ ಸೀಳ್ತದ ಅಂತ ನಡುವಿನ ಹಿತ್ತಾಳಿ ಮ್ಯಾಲ ಕುಟ್ಟಿದ್ರು. ಮೂರು ಏಟಿಗೆ ಒಡೀತು."

"ಸೂರ್ಯಕಾಂತ?"

"ಅಲ್ಲೇ ಕೈ ಮುಗದು ನಿಂತಿದ್ದ."

ಸುಳ್ಳು ಹೇಳಿದ್ದರೆ ಸಹಿಸಬಹುದಿತ್ತು. ಎಲ್ಲವನ್ನೂ ಕಣ್ಣಾರೆ ಕಂಡು ಸುಮ್ಮನಿದ್ದಾನೆ!

ಮರುದಿನ ಬೆಳಗಿನ ಮೋಟರ್ ಬಸ್ಸಿಗೆ ಅವಳು ಕಮಲಾಪುರಕ್ಕೆ ಹೊರಟಳು.

ಮಾಳಿಗೆ ಖಾಲಿ ಮಾಡಬೇಕೆಂಬ ಸುದ್ದಿಗೆ ಹುಡುಗಿಯರ ತಂದೆಯರು ಸಾವುಕಾರರ ಕಟ್ಟೆಯ ಮೇಲೆ ಸೇರಿದ್ದರು. ಸಾಬಮ್ಮನ ತಂದೆ ಮಾಪಣ್ಣ ಮಗಳನ್ನು ಕರೆತರಲು ಬಂಡಿ ಹೂಡಲು ಹೊರಟಿದ್ದ. ಕಂಬದ ಪಕ್ಕದಲ್ಲಿ ಸೂರ್ಯಕಾಂತ.

"ಸಾವ್ಕಾರ್ರ," ವಿಮಲಾಬಾಯಿ ನಿಂತೇ ಮಾತಾಡಿದಳು, "ಬೇಸಿನ್ ಕೆಡಿಸಿದ್ದು ನಿಮ್ಮ ಕಾಯಿ. ಶಿಕ್ಷಾ ಮಾತ್ರ ನನ್ನ ಹುಡುಗ್ಯಾರಿಗೆ!"

"ಗಂಗಮ್ಮಗ ಕಾಯಿ ಒಡದ್ರ ಎಲ್ಲ್ಯಾರ ಸೋರ್ತದೇನು? ಅಡಿಗಿಯಾಕಿ ಮಾತು ಕಟ್ಟಿಕೊಂಡು ಬಂದೀರಿ! ಯಾರು ಕಂಡಾರ?"

ಮಾಪಣ್ಣ ನೊಗ ಹಿಡಿದೇ ಇತ್ತ ತಿರುಗಿದ.

"ನಾ ಕಂಡೀನಿ, ಕಾಕಾ."

ಸೂರ್ಯಕಾಂತ ಕಂಬ ಬಿಟ್ಟು ಮುಂದೆ ಬಂದ. "ಹಸಿ ಸಫೇದಾ ಮ್ಯಾಲ ಕುಟ್ಟಿದ್ರಿ. ಹಿತ್ತಾಳಿ ಕದಲಿ ಅಂಚಿನ್ಯಾಗ ಸಂದಿ ಬಿತ್ತು. ಅಲ್ಲಿಂದ್ಲೇ ಸೋರಾಕತ್ತದ. ಹುಡುಗ್ಯಾರದು ಏನೂ ತಪ್ಪಿಲ್ಲ."

"ನನ್ನ ಮನ್ಯಾಗ ಅನ್ನಾ ಉಂಡು ನನಗೇ ಎದುರು ನಿಂತೀ?"

"ಉಂಡೀನಿ ಅಂತನೇ ಅವತ್ತ ಬಾಯಿ ಮುಚ್ಚಿದ್ದೆ. ನೀವು ಹುಡುಗ್ಯಾರ ಹೆಸರು ತೊಗೊಂಡಾಗೂ ಮುಚ್ಚಿದ್ದೆ. ಅದು ನನ್ನ ತಪ್ಪು."

ಮಾಪಣ್ಣ ಮೆಲ್ಲಗೆ ನೊಗ ಕೆಳಗಿಟ್ಟ. "ಸಾವ್ಕಾರ್ರ, ದೇವರಿಗೆ ಕಾಯಿ ಒಡೆಯೋರನ್ನ ನೋಡೀನಿ. ಮಾರಿ ತೊಳಿಯೂ ಬೇಸಿನ್ನಿಗೆ ಒಡದೋರು ಈ ಹೈದರಾಬಾದ್ ಸಂಸ್ಥಾನಕ್ಕೆಲ್ಲಾ ನೀವೊಬ್ಬರೇ!"

ಕಟ್ಟೆಯೆಲ್ಲ ನಕ್ಕಿತು. ಗುರುಲಿಂಗಪ್ಪ ನಗಲಿಲ್ಲ. ತಲೆಯ ರುಮಾಲು ಸರಿಮಾಡಿಕೊಂಡು, "ಹುಡುಗ್ಯಾರು ಇರ್ಲಿ," ಎಂದು ಒಳಗೆ ಹೋಗಿ ಕದ ಹಾಕಿಕೊಂಡರು.

ಮೋಟರ್ ಸ್ಟ್ಯಾಂಡಿಗೆ ಸೂರ್ಯಕಾಂತ ಹಿಂದೆಯೇ ಬಂದ.

"ಹುಡುಗ್ಯಾರು ರಾತ್ರಿಯೆಲ್ಲಾ ಅತ್ತಾರ," ವಿಮಲಾಬಾಯಿ ತಿರುಗಿ ನೋಡದೆ ಅಂದಳು. "ಆ ಕಣ್ಣೀರಿಗೆ ಯಾರು ಜವಾಬ್ದಾರಿ?"

"ನಾನೇರಿ. ಇವತ್ತ ಬಂದು ಬೇಸಿನ್ ಬಿಚ್ಚಿ ಮತ್ತ ಕೂಡಿಸ್ತೀನಿ. ಸಾಬಮ್ಮನ ಮುಂದ ತಪ್ಪಾತು ಅಂತೀನಿ."

ಅವನು ಹಿಂತಿರುಗಿ ಊರಿನತ್ತ ನೋಡಿದ.

"ಇನ್ನ ಈ ಮನಿ ಹೊಸ್ತಿಲ ತುಳೀಬ್ಯಾಡ ಅಂತ ಕಾಕಾ ಒಳಗಿಂದ ಹೇಳಿ ಕಳಿಸ್ಯಾರ."

ಅವಳು ತಟ್ಟನೆ ತಿರುಗಿದಳು. ಅವನ ಕಣ್ಣು ತುಂಬಿದ್ದವು. ಅಯ್ಯೋ... ಇಷ್ಟು ಕಳಕೊಂಡನೇ?

"ಮತ್ತ ಎಲ್ಲಿರ್ತೀರಿ?"

"ಅಂಗಡ್ಯಾಗ." ಅವನ ದನಿ ತಗ್ಗಿತು. "ಬಾಯಾರ... ಕಸಬರಗಿ ಎತ್ತಿದ ದಿನದಿಂದ ನನ್ನ ಮನಸಿನ್ಯಾಗ ನೀವೇ ಅದೀರಿ. ಹೆಣ್ಣು ಕೇಳಾಕ ಹಿರ್ಯಾರು ಬರಬೇಕು. ನನಗ ಇವತ್ತಿನಿಂದ ಹಿರ್ಯಾರಿಲ್ಲ. ನಾನೇ ಕೇಳ್ಬೇಕಾಗ್ಯದ..."

"ಹಂಗ ಗುನುಗಿದ್ರ ಏನು ಕೇಳಸ್ತದ? ಜೋರಾಗಿ ಕೇಳ್ರಿ!"

"ನನ್ನ ಲಗ್ನಾ ಆಗ್ತೀರೇನ್ರಿ?"

ಮೋಟರಿನ ಕಿಟಕಿಗಳಲ್ಲೆಲ್ಲ ತಲೆಗಳು ಮೂಡಿದವು. ವಿಮಲಾಬಾಯಿಯ ಕೆನ್ನೆ ಕೆಂಪಾದವು. ಆದರೂ ಅವಳು ತಲೆ ತಗ್ಗಿಸಲಿಲ್ಲ.

"ಆಗ್ತೀನಿ. ಆದ್ರ ನನ್ನ ಸಿಟ್ಟು ಇನ್ನೂ ಇಳಿದಿಲ್ಲ!"

"ಇರ್ಲಿ ಬಿಡ್ರಿ," ಅವನು ಕಣ್ಣೊರೆಸಿಕೊಂಡು ನಕ್ಕ. "ಅದನ್ನೂ ನಿಮ್ಮ ಜೋಡಿ ಕರ್ಕೊಂಡು ಬರ್ರಿ..."